ಬೀಳಗಿಯ ಕೊರಳು, ಬೊಂಬಾಯಿಯ ಹಾಡು: ಅಮೀರ್‌ಬಾಯಿ ಕರ್ನಾಟಕಿ

ಗ್ರೀಕ್ ಗಾಯಕ ಡೆಮಿಸ್ ರೂಸೋಸ್ 1973ರಲ್ಲಿ ‘ಫಾರೆವರ್ ಅಂಡ್ ಎವರ್’ ಅನ್ನೋ ಪ್ರೇಮಗೀತೆ ಹಾಡಿ ಯುರೋಪಿನ ತುಂಬ ಹೆಸರಾದ. ಹಾಡಿದ್ದು ಮಾತ್ರ ಗ್ರೀಕ್ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ತನ್ನದಲ್ಲದ ಭಾಷೆಯಲ್ಲಿ ಹಾಡಿ ದೇಶಕ್ಕೆಲ್ಲ ಮನೆಮಾತಾಗೋ ಈ ಕೆಲಸವನ್ನ ಅದಕ್ಕೂ ಮೂವತ್ತು ವರ್ಷ ಮೊದಲೇ ನಮ್ಮ ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳು ಮಾಡಿದ್ದರು. ಅವರೇ ಅಮೀರ್‌ಬಾಯಿ ಕರ್ನಾಟಕಿ. ನಮ್ಮಲ್ಲಿ ಬಹಳ ಜನ ಅವರ ಹಾಡು ಕೇಳಿರ್ತೀವಿ, ಹೆಸರು ಕೇಳಿರೋದಿಲ್ಲ.

ಅಮೀರ್‌ಬಾಯಿ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ. ಮನೆಯಲ್ಲಿ ಹಾಡು, ನಾಟಕ ಎರಡೂ ಇದ್ದವು. ಅಕ್ಕ ಗೋಹರಬಾಯಿ ಕೂಡ ಹೆಸರಾದ ಗಾಯಕಿ, ನಟಿ. ಮುಂದೆ ಮರಾಠಿ ರಂಗಭೂಮಿಯ ದೊಡ್ಡ ನಟ ಬಾಲಗಂಧರ್ವರನ್ನ ಮದುವೆಯಾದವರು. ಅಮೀರ್‌ಬಾಯಿ ಹದಿಹರೆಯದಲ್ಲೇ ಬೊಂಬಾಯಿಯ ದಾರಿ ಹಿಡಿದರು. 1934ರ ‘ವಿಷ್ಣುಭಕ್ತಿ’ಯಿಂದ ಸಿನಿಮಾದಲ್ಲಿ ಪಾತ್ರ ಸಿಗತೊಡಗಿದವು, ಆದರೆ ಹೆಸರು ಕೂಡಲೇ ಬರಲಿಲ್ಲ. ಸುಮಾರು ಹತ್ತು ವರ್ಷ ಕಾಯಬೇಕಾಯ್ತು.

ಇಲ್ಲಿ ಅವರ ಅಡ್ಡಹೆಸರನ್ನ ಸ್ವಲ್ಪ ಗಮನಿಸಿ ನೋಡ್ರಿ. ಆಗ ನಕ್ಷೆಯಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ವಿಜಾಪುರವೂ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು, ನಮ್ಮ ಹಳಿಯಾಳ, ಸೂಪಾ, ಮುಂಡಗೋಡ, ದಾಂಡೇಲಿಯ ಕಾಡು ಎಲ್ಲವೂ ಅದೇ ಪ್ರಾಂತ್ಯದಲ್ಲಿದ್ದವು. ಏಕೀಕರಣ ಆಗಿದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಅಷ್ಟರೊಳಗೆ ಗ್ರಾಮಫೋನ್ ತಟ್ಟೆಗಳ ಮೇಲೆ, ಸಿನಿಮಾದ ಪರದೆ ಮೇಲೆ, ಲಾಹೋರಿನಿಂದ ಕಲಕತ್ತೆವರೆಗೆ ಕರ್ನಾಟಕಿ ಅನ್ನೋ ಹೆಸರು ಓಡಾಡಿಯಾಗಿತ್ತು.

1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ, ಸಂಗೀತ ಅನಿಲ್ ಬಿಸ್ವಾಸ್, ಹಾಡು ಬರೆದವರು ಪ್ರದೀಪ್. ನಾಯಕಿಯ ಕೊರಳು ಅಮೀರ್‌ಬಾಯಿ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಓಡಿತು. ಮೋಡಕ್ಕೆ ಮೆಲ್ಲಗೆ ಬಾ ಅಂತ ಹೇಳುವ ಹಾಡು, ಕೃಷ್ಣನಲ್ಲಿ ಮೊರೆ ಇಡುವ ಹಾಡು, ಊರೆಲ್ಲ ದೀಪಾವಳಿ ಇದ್ದಾಗ ತನ್ನ ಮನೆ ಮಾತ್ರ ಕತ್ತಲು ಅನ್ನುವ ಹಾಡು, ಎಲ್ಲ ಜನರ ಬಾಯಲ್ಲಿ ಉಳಿದವು. ಖಾನ್ ಮಸ್ತಾನಾ ಜೊತೆ ಹಾಡಿದ ಇನ್ನೊಂದು ಹಾಡು ಹಿಂದೂಸ್ತಾನ ನಮ್ಮದು, ದೂರ ಸರೀರಿ ಅಂತ ಪರದೇಶದವರಿಗೆ ಹೇಳುವಂಥದ್ದು. ಸಾಹಿತ್ಯದಲ್ಲಿ ಜರ್ಮನ್, ಜಪಾನ್ ಹೆಸರಿದ್ದದ್ದಕ್ಕೆ ಬ್ರಿಟಿಷರ ಸೆನ್ಸಾರ್ ಅದನ್ನ ಬಿಟ್ಟಿತು. ಕೇಳುವವರಿಗೆ ಮಾತ್ರ ಯಾರಿಗೆ ಹೇಳಿದ್ದು ಅಂತ ಚೆನ್ನಾಗಿ ಗೊತ್ತಿತ್ತು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಇನ್ನೂ ವರ್ಷವೂ ಆಗಿರಲಿಲ್ಲ.

ಎಂಜಿನಿಯರಿಂಗ್ ಓದೋರಾಗಿ ನಾವು ಇನ್ನೊಂದು ವಿಷಯ ನೆನಪಿಡಬೇಕು. ಆ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ಮಲ್ಟಿಟ್ರ್ಯಾಕ್ ಇಲ್ಲ, ಪಿಚ್ ಸರಿ ಮಾಡೋ ಸಾಫ್ಟ್‌ವೇರ್ ಇಲ್ಲ. ಗಾಯಕಿ, ವಾದ್ಯದವರು ಎಲ್ಲ ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುಗಿಸಬೇಕು. ಒಬ್ಬರು ತಪ್ಪಿದರೆ ಮೊದಲಿನಿಂದ. ಇವತ್ತು ಹೆಡ್‌ಫೋನ್ ಹಾಕಿ ಕೇಳಿದರೆ ಸರಸರ ಸದ್ದಿನ ನಡುವೆಯೂ ಅವರ ಉಚ್ಚಾರ ಎಷ್ಟು ಸ್ಪಷ್ಟ ಅಂತ ತಿಳಿಯುತ್ತೆ.

1944ರ ‘ರತನ್’, 1947ರ ‘ಶಹನಾಯಿ’ ಚಿತ್ರಗಳಲ್ಲೂ ಅವರ ಹಾಡು ಗೆದ್ದವು. 1948ರ ‘ಶಹನಾಜ್’ಗೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಆ ಕುರ್ಚಿಯಲ್ಲಿ ಹೆಂಗಸರು ಕೂತದ್ದೇ ಅಪರೂಪ. ಹೊರಗೆ ಇಷ್ಟು ಹೆಸರಿದ್ದರೂ ಮನೆಯೊಳಗೆ ಸುಖ ಇರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆಯಲ್ಲಿ ಹಿಂಸೆ ಅನುಭವಿಸಿ, ಕೊನೆಗೆ ಬಿಡುಗಡೆ ಪಡೆದು ಹೊರಬಂದರು. ಲಕ್ಷಾಂತರ ಜನರ ದುಃಖಕ್ಕೆ ದನಿಯಾದವರು ತಮ್ಮ ದುಃಖವನ್ನ ತಾವೇ ಎದುರಿಸಬೇಕಾಯ್ತು. ಬದ್ರಿ ಕಾಂಚವಾಲಾ ಅವರೊಂದಿಗಿನ ಎರಡನೇ ಮದುವೆಯಲ್ಲಿ ನೆಮ್ಮದಿ ಸಿಕ್ಕಿತು.

1950ರ ‘ಸಮಾಧಿ’ ಚಿತ್ರದಲ್ಲಿ ಸಿ. ರಾಮಚಂದ್ರ ಅವರ ‘ಗೋರೇ ಗೋರೇ’ ಹಾಡಿಗೆ ಲತಾ ಮಂಗೇಶ್ಕರ್ ಜೊತೆ ದನಿಗೂಡಿಸಿದರು. ಆ ಧಾಟಿಗೆ ಲ್ಯಾಟಿನ್ ಅಮೆರಿಕದ ಕುಣಿತದ ಗತ್ತು. ಈಗಲೂ ಕಾಲೇಜು ಕಾರ್ಯಕ್ರಮಗಳಲ್ಲಿ ಅದಕ್ಕೆ ಹೆಜ್ಜೆ ಹಾಕ್ತೀವಿ. ಅಷ್ಟರಲ್ಲಿ ಕಾಲ ಬದಲಾಗಿತ್ತು. ತೆಳುವಾದ, ಎತ್ತರದ ದನಿ ಬೇಕು ಅನ್ನೋ ರುಚಿ ಬಂತು, ಹಾಡಿಗೆ ಕರೆ ಕಡಿಮೆಯಾಯ್ತು. ಅಮೀರ್‌ಬಾಯಿ ಸುಮ್ಮನೆ ಕೂಡಲಿಲ್ಲ, ಪೋಷಕ ಪಾತ್ರಗಳಲ್ಲಿ ನಟಿಸಿದರು. 1965ರ ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್‌ಗೆ ಅವರದೇ ಹೆಸರು. ರಹಮತ್ ತರೀಕೆರೆ ಅವರು ಊರೂರು ತಿರುಗಿ ಅವರ ಬದುಕಿನ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ.

ಕನ್ನಡ, ಮರಾಠಿ, ಗುಜರಾತಿಯಲ್ಲೂ ಹಾಡಿದ್ದರೂ ಅವರ ದೊಡ್ಡ ಹಾಡುಗಳೆಲ್ಲ ಹಿಂದಿಯವು. ಹಂಗಾದ್ರೆ ಅವರು ಕನ್ನಡದವರು ಹೌದೋ ಅಲ್ಲವೋ? ಜೋಯಿಡಾದ ಮನೆಯಲ್ಲಿ ಕೊಂಕಣಿ, ಹಳಿಯಾಳದ ಸಂತೆಯಲ್ಲಿ ಮರಾಠಿ, ದಾಂಡೇಲಿಯ ಓಣಿಯಲ್ಲಿ ಉರ್ದು, ಮುಂಡಗೋಡದ ಕ್ಯಾಂಪಿನಲ್ಲಿ ಟಿಬೆಟನ್ ಕೇಳಿಕೊಂಡೇ ಕನ್ನಡ ಆಡುವ ನಮಗೆ ಈ ಪ್ರಶ್ನೆ ಕಷ್ಟದ್ದಲ್ಲ. ರಾಜ್ಯಕ್ಕೆ ಕರ್ನಾಟಕದ ಹೆಸರು ಬರೋ ಮುಂಚೆಯೇ ಅದನ್ನ ತನ್ನ ಹೆಸರಿನ ಪಕ್ಕ ಇಟ್ಟುಕೊಂಡವರು ಅವರು. ಮುಂದಿನ ರಾಜ್ಯೋತ್ಸವದ ಹಾಡುಗಳ ಪಟ್ಟಿಯಲ್ಲಿ ಅಮೀರ್‌ಬಾಯಿಯವರದ್ದೂ ಒಂದು ಇರಲಿ ಅಂತ ನಮ್ಮ ಬಳಗದ ಆಸೆ.