ಮಲಿಕ್ ಅಂಬರ್

ಮಲಿಕ್ ಅಂಬರ್ (ಸು. 1548 – ಮೇ 1626) ಅಹಮದ್‌ನಗರದ ನಿಜಾಮಶಾಹಿ ರಾಜ್ಯದ ಪೇಶ್ವೆಯೂ ಸೇನಾನಾಯಕನೂ ಆಗಿದ್ದವನು. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಾಟಗೊಂಡು, ಹಲವು ಒಡೆಯರ ಕೈದಾಟಿ ದಖನ್ನಿಗೆ ಬಂದ ಈತ, ಅಕ್ಬರನ ಸೇನೆ ಅಹಮದ್‌ನಗರವನ್ನು ಗೆದ್ದ ಬಳಿಕವೂ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಆ ರಾಜ್ಯವನ್ನು ಉಳಿಸಿದನು. ಮೊಘಲ್ ಚಕ್ರವರ್ತಿ ಜಹಾಂಗೀರನ ದಖನ್ ಮಹತ್ವಾಕಾಂಕ್ಷೆಗೆ ಬಹುಕಾಲ ಅಡ್ಡವಾಗಿ ನಿಂತವನು ಈತನೇ. ಇಂದಿನ ಛತ್ರಪತಿ ಸಂಭಾಜಿನಗರದ (ಔರಂಗಾಬಾದ್) ಮೂಲವಾದ ಖಿಡ್ಕಿ ಪಟ್ಟಣದ ಸ್ಥಾಪಕನೂ ಹೌದು. ಬಿಜಾಪುರದ ಆದಿಲ್‌ಶಾಹಿಗಳೊಡನೆ ಈತನ ಸಂಬಂಧ ಮೊದಲು ಸೇವಕನದು, ಅನಂತರ ಮಿತ್ರನದು, ಕೊನೆಗೆ ಶತ್ರುವಿನದು.

ಬಾಲ್ಯ ಮತ್ತು ಗುಲಾಮಗಿರಿ

ಅಂಬರನ ಮೂಲ ಹೆಸರು ಚಾಪು. ಹುಟ್ಟಿದ ಪ್ರದೇಶ ಹರಾರ್ ಎಂದು ಕೆಲವರೂ ದಕ್ಷಿಣ ಇಥಿಯೋಪಿಯದ ಕಂಬಾಟಾ ಎಂದು ಇನ್ನು ಕೆಲವರೂ ಹೇಳುತ್ತಾರೆ. ಬಡತನದಿಂದ ತಂದೆತಾಯಿಯರೇ ಮಾರಿದರೆಂದೂ ಯುದ್ಧದಲ್ಲಿ ಸೆರೆಸಿಕ್ಕನೆಂದೂ ಎರಡು ಬಗೆಯ ಹೇಳಿಕೆಗಳಿವೆ. ಆ ಕಾಲದಲ್ಲಿ ಇಥಿಯೋಪಿಯದ ಒಳನಾಡಿನಿಂದ ಹಿಡಿದು ತಂದ ಹುಡುಗರನ್ನು ಕೆಂಪು ಸಮುದ್ರದ ಬಂದರುಗಳ ಮೂಲಕ ಅರೇಬಿಯಕ್ಕೂ ಅಲ್ಲಿಂದ ಭಾರತಕ್ಕೂ ಸಾಗಿಸುವ ವ್ಯಾಪಾರ ಸಮೃದ್ಧವಾಗಿತ್ತು. ಈ ವ್ಯಾಪಾರದಲ್ಲಿ ಹಣದ ಸ್ಥಾನವನ್ನು ಬಹುಮಟ್ಟಿಗೆ ಭಾರತದ ಹತ್ತಿಬಟ್ಟೆಯೇ ತುಂಬುತ್ತಿತ್ತು.

ಯೆಮನ್ನಿನ ಮೋಖಾ ಬಂದರಿನಲ್ಲಿ ಮಾರಾಟವಾದ ಹುಡುಗ ಬಾಗ್ದಾದಿಗೆ ಬಂದು ಮೀರ್ ಖಾಸಿಂ ಎಂಬ ವರ್ತಕನ ಪಾಲಾದನು. ಹುಡುಗನ ಚುರುಕುತನವನ್ನು ಗುರುತಿಸಿದ ಮೀರ್ ಖಾಸಿಂ ಅವನಿಗೆ ವಿದ್ಯಾಭ್ಯಾಸ ಮಾಡಿಸಿ, ಇಸ್ಲಾಂ ಮತಕ್ಕೆ ಸೇರಿಸಿ, ಅಂಬರ್ ಎಂದು ಹೆಸರಿಟ್ಟನು. ಅಂಬರ್ ಎಂದರೆ ಸುಗಂಧದ್ರವ್ಯ; ಗುಲಾಮರಿಗೆ ಇಂತಹ ಬೆಲೆಬಾಳುವ ವಸ್ತುಗಳ ಹೆಸರಿಡುವುದು ರೂಢಿಯಲ್ಲಿತ್ತು. ಚಾಪು ಎಂಬ ಹೆಸರು ಇಲ್ಲಿಂದ ಮುಂದೆ ಅವನ ಜೀವನದಲ್ಲಿ ಮತ್ತೆ ಕಾಣಿಸುವುದಿಲ್ಲ.

ದಖನ್ನಿನಲ್ಲಿ ಇಂತಹವರನ್ನು ಹಬಶಿಗಳೆಂದು ಕರೆಯುತ್ತಿದ್ದರು. ಇಥಿಯೋಪಿಯಕ್ಕೆ ಅರಬ್ಬೀ ಭಾಷೆಯಲ್ಲಿರುವ ಹಬಶ್ ಎಂಬ ಹೆಸರಿನಿಂದ ಈ ಪದ ಬಂದಿದೆ. ಹಬಶಿ ಗುಲಾಮರು ಹೊಲಗದ್ದೆಗಳಲ್ಲಿ ದುಡಿಯುವ ಆಳುಗಳಾಗಿರಲಿಲ್ಲ. ಶಸ್ತ್ರಾಭ್ಯಾಸ ಪಡೆದ ಸೈನಿಕರಾಗಿದ್ದರು. ಸ್ಥಳೀಯ ಸರದಾರರಿಗೆ ತಮ್ಮ ಕುಲ, ಜಹಗೀರು, ಬಂಧುಬಳಗಗಳ ಹಿತವಿರುತ್ತಿತ್ತು. ಹಬಶಿಗೆ ಒಡೆಯನ ಮನೆಯ ಹೊರತು ಬೇರೆ ನೆಲೆಯಿರಲಿಲ್ಲ. ಬಂಧುಗಳಿಂದ ಶಾಶ್ವತವಾಗಿ ಕಡಿದುಹಾಕಲ್ಪಟ್ಟವನು ಎಂಬ ಕಾರಣಕ್ಕೇ ಅವನ ನಿಷ್ಠೆಗೆ ಬೆಲೆಯಿತ್ತು.

ಚಂಗೇಜ್ ಖಾನನ ಸೇವೆ

1570ರ ದಶಕದ ಆರಂಭದಲ್ಲಿ ಅಂಬರನನ್ನು ಕೊಂಡುಕೊಂಡವನು ನಿಜಾಮಶಾಹಿಯ ಪೇಶ್ವೆ ಚಂಗೇಜ್ ಖಾನ್ (ಮಂಗೋಲ್ ದೊರೆಗೂ ಈತನಿಗೂ ಹೆಸರಿನ ಹೊರತು ಸಂಬಂಧವಿಲ್ಲ). ಚಂಗೇಜ್ ಖಾನನೂ ಒಂದು ಕಾಲದಲ್ಲಿ ಹಬಶಿ ಗುಲಾಮನಾಗಿದ್ದವನು. ತಾನು ಕೊಂಡ ಸುಮಾರು ಸಾವಿರ ಹಬಶಿಗಳನ್ನು ತನ್ನ ಬಳಿ ಇರಿಸಿಕೊಂಡಿದ್ದನು. ಗುಲಾಮನಾದವನು ರಾಜ್ಯದ ಅತ್ಯುನ್ನತ ಪದವಿಗೆ ಏರಬಹುದೆಂಬುದಕ್ಕೆ ಅಂಬರನ ಕಣ್ಣೆದುರಿಗೇ ನಿದರ್ಶನವಿತ್ತು. ಸೈನ್ಯ, ಕಂದಾಯ, ದರ್ಬಾರಿನ ವ್ಯವಹಾರ ಇವೆಲ್ಲವನ್ನೂ ಆತ ಈ ಮನೆಯಲ್ಲಿಯೇ ಕಲಿತನೆಂದು ಭಾವಿಸಲಾಗಿದೆ.

ಆ ಪದವಿ ಎಷ್ಟು ಅಸ್ಥಿರವೆಂಬುದೂ ಬೇಗನೆ ತಿಳಿಯಿತು. ಚಾಡಿಮಾತುಗಳನ್ನು ನಂಬಿದ ಸುಲ್ತಾನ ಮೊದಲನೆಯ ಮುರ್ತಜಾ ನಿಜಾಮ್ ಶಾಹ್ ತನ್ನ ಪೇಶ್ವೆಗೆ ವಿಷ ಕೊಡಿಸಿದನು. ಚಂಗೇಜ್ ಖಾನನ ಮರಣಾನಂತರ ಅವನ ಪತ್ನಿ ಅಂಬರನಿಗೆ ಬಿಡುಗಡೆ ನೀಡಿದಳು. ತನ್ನನ್ನು ಬೆಳೆಸಿದ ಒಡೆಯನನ್ನು ಕೊಲ್ಲಿಸಿದ ರಾಜವಂಶದ ರಕ್ಷಣೆಗೇ ಆತ ಮುಂದೆ ತನ್ನ ಜೀವಮಾನವನ್ನು ಮುಡಿಪಾಗಿಟ್ಟನೆಂಬುದು ಅಂಬರನ ಚರಿತ್ರೆಯಲ್ಲಿ ಸಾಕಷ್ಟು ಗಮನಕ್ಕೆ ಬಾರದ ಸಂಗತಿ.

ಅಲೆದಾಟದ ವರ್ಷಗಳು

ಬಿಡುಗಡೆಯ ನಂತರದ ಸುಮಾರು ಇಪ್ಪತ್ತು ವರ್ಷ ಅಂಬರ್ ಸಂಬಳಕ್ಕೆ ದುಡಿಯುವ ಸ್ವತಂತ್ರ ಸೈನಿಕನಾಗಿದ್ದನು. ಇದರ ಬಹುಭಾಗ ಬಿಜಾಪುರದ ಆದಿಲ್‌ಶಾಹಿ ಸೇವೆಯಲ್ಲಿ ಕಳೆಯಿತು. ಮಲಿಕ್ ಎಂಬ ಬಿರುದು ದೊರೆತದ್ದು ಅಲ್ಲಿಯೇ. ಆದರೆ ತನ್ನ ಪಡೆಗೆ ತಕ್ಕ ಆಶ್ರಯ ಸಿಗದುದರಿಂದ 1595ರ ಸುಮಾರಿಗೆ, ನೂರೈವತ್ತರಷ್ಟು ಕುದುರೆ ಸವಾರರೊಂದಿಗೆ, ಅಹಮದ್‌ನಗರಕ್ಕೆ ಹಿಂದಿರುಗಿ ಅಭಂಗ್ ಖಾನ್ ಎಂಬ ಹಬಶಿ ಸರದಾರನನ್ನು ಸೇರಿಕೊಂಡನು.

ಅದೇ ವೇಳೆಗೆ ಮೊಘಲರು ಅಹಮದ್‌ನಗರವನ್ನು ಮುತ್ತಿದರು. ಬಿಜಾಪುರದ ಮೊದಲನೆಯ ಅಲಿ ಆದಿಲ್ ಶಾಹನ ವಿಧವೆಯೂ ಅಹಮದ್‌ನಗರದ ರಾಜಪುತ್ರಿಯೂ ಆದ ಚಾಂದ್ ಬೀಬಿ ಕೋಟೆಯನ್ನು ಧೈರ್ಯದಿಂದ ರಕ್ಷಿಸಿದಳು. 1600ರಲ್ಲಿ ಆಕೆ ತನ್ನವರಿಂದಲೇ ಹತಳಾದಳು. ಕೋಟೆ ಮೊಘಲರ ವಶವಾಯಿತು. ಬಾಲಕ ಸುಲ್ತಾನ ಬಹಾದುರ್ ಗ್ವಾಲಿಯರಿನಲ್ಲಿ ಸೆರೆಯಾದನು. ರಾಜಧಾನಿಯೂ ಇಲ್ಲ, ರಾಜನೂ ಇಲ್ಲ ಎಂಬ ಸ್ಥಿತಿಯಲ್ಲಿ ನಿಜಾಮಶಾಹಿ ಮುಗಿದಂತೆಯೇ ಕಾಣುತ್ತಿತ್ತು.

ನಿಜಾಮಶಾಹಿಯ ಪುನರುತ್ಥಾನ

ಮೊಘಲರು ಗೆದ್ದುದು ಕೋಟೆಯನ್ನೇ ಹೊರತು ನಾಡನ್ನಲ್ಲ. ಹಳ್ಳಿಗಾಡಿನಲ್ಲಿ ಚದುರಿಹೋಗಿದ್ದ ಸೈನಿಕರು ಅಂಬರನ ಸುತ್ತ ಸೇರತೊಡಗಿದರು. ನೂರೈವತ್ತು ಸವಾರರ ಪಡೆ ಕೆಲವೇ ವರ್ಷಗಳಲ್ಲಿ ಸಾವಿರಗಳಿಗೆ ಬೆಳೆಯಿತು. ಆತ ರಾಜವಂಶದ ಒಬ್ಬ ಯುವಕನನ್ನು ಬಿಜಾಪುರದ ಸೀಮೆಯಿಂದ ಕರೆತಂದು, ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿ, ಎರಡನೆಯ ಮುರ್ತಜಾ ನಿಜಾಮ್ ಶಾಹ್ ಎಂಬ ಹೆಸರಿನಿಂದ ಪರಾಂಡಾ ಕೋಟೆಯಲ್ಲಿ ಪಟ್ಟಕ್ಕೇರಿಸಿದನು. ತಾನು ಪೇಶ್ವೆಯಾದನು. ಪ್ರತಿಸ್ಪರ್ಧಿಯಾದ ರಾಜು ದಖನಿಯನ್ನು ಸೋಲಿಸಿದ ಬಳಿಕ ರಾಜ್ಯದಲ್ಲಿ ಅವನಿಗೆ ಎದುರಾಳಿ ಉಳಿಯಲಿಲ್ಲ. ರಾಜಧಾನಿ ಜುನ್ನರಿಗೂ ಅನಂತರ ದೌಲತಾಬಾದಿನ ಕಡೆಗೂ ಸಾಗಿತು. 1610ರ ಸುಮಾರಿಗೆ ಅದರ ಸಮೀಪದಲ್ಲಿ ಖಿಡ್ಕಿ ಪಟ್ಟಣ ತಲೆಯೆತ್ತಿತು.

ಅಂಬರನ ಯುದ್ಧಕ್ರಮ ಬಯಲಿನಲ್ಲಿ ಎದುರುಬದುರಾಗಿ ನಿಲ್ಲುವುದಲ್ಲ. ಲಘು ಕುದುರೆದಳವನ್ನು ಕಳುಹಿಸಿ ಶತ್ರುವಿನ ಧಾನ್ಯ ಸಾಗಣೆಯನ್ನು ಕತ್ತರಿಸುವುದು, ಬೆಟ್ಟದ ಕಣಿವೆಗಳಿಗೆ ಸೆಳೆಯುವುದು, ರಾತ್ರಿ ದಾಳಿ ಮಾಡಿ ಮರೆಯಾಗುವುದು ಅವನ ರೀತಿ. ನೆಲದ ಉಬ್ಬುತಗ್ಗುಗಳನ್ನು ಬಲ್ಲ ಮರಾಠಾ ಸವಾರರು ಇದಕ್ಕೆ ಅನಿವಾರ್ಯರಾಗಿದ್ದರು. ಶಿವಾಜಿಯ ತಂದೆ ಶಹಾಜಿ ಭೋಸಲೆ ಅವನ ಸೈನ್ಯದಲ್ಲಿ ಪಳಗಿದವನು. 1610ರ ಹೊತ್ತಿಗೆ ಈ ಪ್ರದೇಶದ ಬಗ್ಗೆ ಬರೆದ ಇಂಗ್ಲಿಷ್ ವರ್ತಕ ವಿಲಿಯಂ ಫಿಂಚ್, ಅಂಬರನ ಬಳಿ ಹತ್ತು ಸಾವಿರ ಹಬಶಿಗಳೂ ನಲವತ್ತು ಸಾವಿರ ದಖನಿಗಳೂ ಇದ್ದರೆಂದು ಲೆಕ್ಕ ಕೊಟ್ಟಿದ್ದಾನೆ. ಚಾಪುವನ್ನು ತಾಯ್ನಾಡಿನಿಂದ ಸೆಳೆದು ತಂದ ವ್ಯಾಪಾರವೇ ಪೇಶ್ವೆ ಅಂಬರನಿಗೆ ಹಬಶಿ ಯೋಧರನ್ನೂ ಒದಗಿಸಿತು.

1610ರ ಅರಮನೆಯ ಪ್ರಕರಣ

ಅಂಬರನ ಜೀವನದ ಅತ್ಯಂತ ಕರಾಳ ಘಟನೆ 1610ರದು. ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕೆ 1617ರಲ್ಲಿ ಅಂಬರನನ್ನು ಕಣ್ಣಾರೆ ಕಂಡವನು. ಅವನ ಎತ್ತರದ ಮೈಕಟ್ಟನ್ನೂ ಗಂಭೀರ ಮುಖವನ್ನೂ ವರ್ಣಿಸಿದ್ದಾನೆ. ಪ್ರಕರಣದ ವಿವರ ದೊರೆಯುವುದು ಮುಖ್ಯವಾಗಿ ಈತನ ಬರಹದಿಂದ. ಅದರಂತೆ, ಸುಲ್ತಾನ ಮುರ್ತಜಾನ ಹಿರಿಯ ರಾಣಿ ಪಾರಸಿಕ ಮೂಲದವಳು. ಕಿರಿಯ ರಾಣಿಯಾದ ಅಂಬರನ ಮಗಳೊಡನೆ ಜಗಳವಾದಾಗ ಆಕೆಯನ್ನು ಗುಲಾಮಳೆಂದು ಹೀಯಾಳಿಸಿ, ತಂದೆಯ ಬಗ್ಗೆಯೂ ಕೀಳಾಗಿ ಮಾತನಾಡಿದಳು. ಮಗಳು ಈ ಸುದ್ದಿಯನ್ನು ತಂದೆಗೆ ಮುಟ್ಟಿಸಿದಳು. ಅಂಬರ್ ತನ್ನ ಕಾರ್ಯದರ್ಶಿಯ ಮೂಲಕ ಸುಲ್ತಾನನಿಗೂ ಹಿರಿಯ ರಾಣಿಗೂ ವಿಷ ಹಾಕಿಸಿದನೆಂದು ಈ ಬರಹ ಹೇಳುತ್ತದೆ. ಬಳಿಕ ಮುರ್ತಜಾನ ಐದು ವರ್ಷದ ಮಗ ಬುರ್ಹಾನನನ್ನು ಪಟ್ಟಕ್ಕೇರಿಸಲಾಯಿತು.

ಸ್ವತಂತ್ರನಾಗಿ ಮೂವತ್ತೈದು ವರ್ಷ ಕಳೆದಿದ್ದರೂ, ರಾಜ್ಯವೇ ತನ್ನ ಕೈಯಲ್ಲಿದ್ದರೂ, ಅಂಬರನ ಗುಲಾಮತನ ಅಂತಃಪುರದಲ್ಲಿ ಮರೆತುಹೋಗಿರಲಿಲ್ಲ. ಚಂಗೇಜ್ ಖಾನನಿಗೆ ಒಬ್ಬ ಮುರ್ತಜಾ ಕೊಡಿಸಿದ ವಿಷವನ್ನು ಚಂಗೇಜ್ ಖಾನನ ಗುಲಾಮ ಇನ್ನೊಬ್ಬ ಮುರ್ತಜಾನಿಗೆ ಕೊಡಿಸಿದಂತಾಯಿತು. ಇದು ಸೇಡು ಎನ್ನಲು ಆಧಾರವಿಲ್ಲ. ಸುಲ್ತಾನ ಪೇಶ್ವೆಯ ಹಿಡಿತದಿಂದ ಬಿಡಿಸಿಕೊಳ್ಳಲು ಮೊದಲಿನಿಂದಲೂ ಹವಣಿಸುತ್ತಿದ್ದನು. ರಾಜಕೀಯ ಕಾರಣಗಳೇ ಸಾಕಷ್ಟಿದ್ದವು.

ಹೀಗಿದ್ದರೂ ಅಂಬರ್ ತಾನೇ ಸಿಂಹಾಸನವನ್ನೇರಲಿಲ್ಲ. ಹಬಶಿಯೊಬ್ಬನು ಸುಲ್ತಾನನಾಗುವುದು ಅಸಾಧ್ಯವೇನೂ ಆಗಿರಲಿಲ್ಲ. ಬಂಗಾಳದಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಹಬಶಿ ಗುಲಾಮರು ಕೆಲಕಾಲ ಆಳಿದ್ದರು. ಆ ಮೇಲ್ಪಂಕ್ತಿಯನ್ನು ಅನುಸರಿಸದೆ ನಿಜಾಮಶಾಹಿಯ ಹೆಸರಿನಲ್ಲಿಯೇ ಕೊನೆಯವರೆಗೆ ಆಡಳಿತ ನಡೆಸಿದುದನ್ನು ಕೆಲವರು ಸ್ವಾಮಿನಿಷ್ಠೆಯೆಂದೂ ಕೆಲವರು ಮುತ್ಸದ್ದಿತನವೆಂದೂ ಅರ್ಥೈಸುತ್ತಾರೆ. ವ್ಯಕ್ತಿಯಾಗಿ ಸುಲ್ತಾನನಿಗಿಂತ ಆ ಮನೆತನಕ್ಕೂ ರಾಜ್ಯಕ್ಕೂ ಅವನ ನಿಷ್ಠೆ ಸಲ್ಲುತ್ತಿತ್ತು ಎಂದು ಹೇಳುವುದು ಘಟನೆಗಳಿಗೆ ಹೆಚ್ಚು ಹೊಂದುತ್ತದೆ.

ಮೊಘಲರೊಡನೆ ಹೋರಾಟ

ಜಹಾಂಗೀರನು 1605ರಲ್ಲಿ ಪಟ್ಟವೇರಿದ ಮೇಲೆ ದಖನ್ನಿಗೆ ಒಂದರ ಮೇಲೊಂದು ಸೈನ್ಯ ಕಳುಹಿಸಿದನು. ಅಬ್ದುರ್ರಹೀಮ್ ಖಾನ್‌ಖಾನಾನನಂತಹ ಅನುಭವಿ ಸೇನಾನಿಯೂ ಅಂಬರನೆದುರು ಹೆಸರು ಕೆಡಿಸಿಕೊಂಡನು. ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಅಂಬರನನ್ನು ಮೈಬಣ್ಣವನ್ನು ಹಿಡಿದು ನಿಂದಿಸಿದ್ದಾನೆ. ಸುಮಾರು 1616ರಲ್ಲಿ ಆಸ್ಥಾನ ಚಿತ್ರಕಾರ ಅಬುಲ್ ಹಸನ್ ರಚಿಸಿದ ಚಿತ್ರವೊಂದರಲ್ಲಿ ಭೂಗೋಳದ ಮೇಲೆ ನಿಂತ ಚಕ್ರವರ್ತಿ, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಈ ಚಿತ್ರ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಚಿತ್ರದ ಹೊರಗೆ ಜಹಾಂಗೀರನಿಗೆ ಅಂತಹ ಸಂದರ್ಭ ಒದಗಲೇ ಇಲ್ಲ.

ಅಂಬರನಿಗೆ ಸೋಲುಗಳೂ ಆದವು. 1616ರಲ್ಲಿ ಕೆಲವು ಮರಾಠಾ ಸರದಾರರು ಪಕ್ಷ ಬದಲಿಸಿದಾಗ ರೋಶನ್‌ಗಾಂವ್ ಕದನದಲ್ಲಿ ಸೋತನು. ಮೊಘಲರು ಖಿಡ್ಕಿಯನ್ನು ಹಾಳುಗೆಡವಿದರು. 1617ರಲ್ಲಿ ರಾಜಕುಮಾರ ಖುರ್ರಮ್ (ಮುಂದೆ ಷಹಜಹಾನ್) ದೊಡ್ಡ ಸೈನ್ಯದೊಡನೆ ಬಂದಾಗ ಒಪ್ಪಂದ ಮಾಡಿಕೊಂಡು ಅಹಮದ್‌ನಗರ ಕೋಟೆಯನ್ನು ಬಿಟ್ಟುಕೊಟ್ಟನು. 1620ರಲ್ಲಿ ಒಪ್ಪಂದ ಮುರಿದನು, ಮರುವರ್ಷ ಮತ್ತೆ ಮಣಿದನು. ಕಾಲಾಂತರದಲ್ಲಿ ತಂದೆಯ ವಿರುದ್ಧ ಬಂಡೆದ್ದ ಅದೇ ಷಹಜಹಾನ್ ಆಶ್ರಯ ಕೋರಿ ಅಂಬರನ ಬಳಿಗೇ ಬಂದನು.

ಭಾತವಡಿ ಕದನ ಮತ್ತು ಬಿಜಾಪುರ

1624ರಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ಮೊಘಲರೊಡನೆ ಕೈಜೋಡಿಸಿದನು. ಎರಡು ಸೈನ್ಯಗಳೂ ಒಟ್ಟಾಗಿ ಅಂಬರನ ಬೆನ್ನಟ್ಟಿದವು. ಆಗ ಎಪ್ಪತ್ತೈದು ದಾಟಿದ್ದ ಅಂಬರ್ ಅಹಮದ್‌ನಗರದ ಸಮೀಪದ ಭಾತವಡಿಯಲ್ಲಿ ಬೀಡುಬಿಟ್ಟು, ಅಲ್ಲಿನ ಕೆರೆಯ ಏರಿಯನ್ನು ಒಡೆಸಿದನು. ಶತ್ರುಪಾಳೆಯ ಕೆಸರಿನಲ್ಲಿ ಹೂತುಹೋಯಿತು, ಆಹಾರ ಸಾಗಣೆ ನಿಂತಿತು, ಸೈನಿಕರು ಪಕ್ಷ ತೊರೆಯತೊಡಗಿದರು. ನಂತರದ ದಾಳಿಯಲ್ಲಿ ಬಿಜಾಪುರದ ಸೇನಾನಿ ಮುಲ್ಲಾ ಮುಹಮ್ಮದ್ ಲಾರಿ ಹತನಾದನು. ಅಂಬರನ ಪರವಾಗಿ ಹೋರಾಡಿದ ಶಹಾಜಿಯ ತಮ್ಮ ಶರೀಫ್‌ಜಿಯೂ ಇಲ್ಲಿಯೇ ಮಡಿದನು.

ಗೆಲುವಿನ ಬಳಿಕ ಅಂಬರ್ ಬಿಜಾಪುರವನ್ನು ಮುತ್ತಿದನು. ಸಂಗೀತಪ್ರಿಯನಾದ ಇಬ್ರಾಹಿಂ 1599ರಿಂದ ಅಕ್ಕರೆಯಿಂದ ಕಟ್ಟಿಸುತ್ತಿದ್ದ ನೌರಸಪುರ ಅವನ ಸೈನ್ಯದ ಲೂಟಿಗೆ ತುತ್ತಾಯಿತು. ಆ ನಗರ ಮತ್ತೆ ಏಳಿಗೆ ಕಾಣಲಿಲ್ಲ. ತನಗೆ ಮಲಿಕ್ ಎಂಬ ಬಿರುದು ಕೊಟ್ಟ ರಾಜ್ಯದ ಮೇಲೆ ಅಂಬರ್ ನಡೆಸಿದ ಈ ದಾಳಿಯ ಗುರುತುಗಳಾಗಿ ವಿಜಯಪುರದ ಪಶ್ಚಿಮಕ್ಕಿರುವ ನೌರಸಪುರದ ಪಾಳುಗಳನ್ನು ಇಂದಿಗೂ ತೋರಿಸಲಾಗುತ್ತದೆ. ಸೊಲ್ಲಾಪುರದ ಕೋಟೆಯೂ ಅವನ ವಶವಾಯಿತು.

ಆಡಳಿತ ಮತ್ತು ನಿರ್ಮಾಣಗಳು

ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ನಿಲ್ಲಿಸಿ, ಭೂಮಿಯ ಫಲವತ್ತತೆಯನ್ನೂ ನಿಜವಾದ ಬೆಳೆಯನ್ನೂ ನೋಡಿ ತೆರಿಗೆ ನಿಗದಿಪಡಿಸುವ ಕ್ರಮವನ್ನು ಅಂಬರ್ ತಂದನು. ಆ ವ್ಯವಸ್ಥೆಯ ನೆನಪು ಮರಾಠರ ಕಾಲದಲ್ಲಿಯೂ ಉಳಿದಿತ್ತು.

ಖಿಡ್ಕಿಗೆ ನೀರು ತಂದ ನಹರ್-ಎ-ಅಂಬರಿ ಅವನ ಅತ್ಯಂತ ಉಪಯುಕ್ತ ಕೊಡುಗೆ. ಬೆಟ್ಟದ ತಪ್ಪಲಿನ ಅಂತರ್ಜಲವನ್ನು ನೆಲದಡಿಯ ಕಾಲುವೆಗಳ ಮೂಲಕ, ಇಳಿಜಾರನ್ನೇ ಬಳಸಿ, ಪಟ್ಟಣದ ತೊಟ್ಟಿಗಳಿಗೆ ಹರಿಸುವ ಈ ಏರ್ಪಾಡು ಶತಮಾನಗಳ ಕಾಲ ಕೆಲಸ ಮಾಡಿತು. ಮೊಘಲರ ಮೇಲಿನ ಗೆಲುವಿನ ನೆನಪಿಗೆ 1612ರಲ್ಲಿ ಕಟ್ಟಿಸಿದ ಭಡ್ಕಲ್ ದರ್ವಾಜಾ ಇಂದಿಗೂ ನಿಂತಿದೆ.

ಮರಣ ಮತ್ತು ನಂತರ

ಅಂಬರ್ 1626ರ ಮೇ ತಿಂಗಳಲ್ಲಿ, ಎಂಬತ್ತರ ಸಮೀಪದ ವಯಸ್ಸಿನಲ್ಲಿ, ಅಧಿಕಾರದಲ್ಲಿರುವಾಗಲೇ ತೀರಿಕೊಂಡನು. ಜಹಾಂಗೀರನ ಆಸ್ಥಾನ ಚರಿತ್ರಕಾರ ಮುತಮದ್ ಖಾನ್ ಶತ್ರುಪಕ್ಷದವನಾಗಿಯೂ ಅವನ ಯುದ್ಧಕೌಶಲವನ್ನೂ ನ್ಯಾಯಬುದ್ಧಿಯನ್ನೂ ಮುಕ್ತವಾಗಿ ಹೊಗಳಿದ್ದಾನೆ. ಗುಲಾಮನೊಬ್ಬ ಇಷ್ಟು ಎತ್ತರಕ್ಕೇರಿದ ಉದಾಹರಣೆ ಇನ್ನೊಂದಿಲ್ಲವೆಂಬುದು ಅವನ ಅಭಿಪ್ರಾಯ.

ಮಗ ಫತೇಹ್ ಖಾನ್ ಪೇಶ್ವೆಯಾದನು. ತಂದೆ ಪಟ್ಟಕ್ಕೇರಿಸಿದ್ದ ಬುರ್ಹಾನನನ್ನು ಅವನೇ ಕೊಲ್ಲಿಸಿ, 1633ರಲ್ಲಿ ದೌಲತಾಬಾದ್ ಕೋಟೆಯನ್ನು ಮೊಘಲರಿಗೆ ಒಪ್ಪಿಸಿದನು. ಖಿಡ್ಕಿಗೆ ಅವನು ತನ್ನ ಹೆಸರಿನಿಂದ ಫತೇಹ್‌ನಗರ ಎಂದು ಹೆಸರಿಟ್ಟಿದ್ದನು. ಔರಂಗಜೇಬನು ದಖನ್ನಿನ ಸುಬೇದಾರನಾಗಿದ್ದಾಗ ಅದನ್ನು ಔರಂಗಾಬಾದ್ ಎಂದು ಬದಲಾಯಿಸಿದನು. ಶಹಾಜಿಯು ನಿಜಾಮಶಾಹಿ ವಂಶದ ಇನ್ನೊಬ್ಬ ಬಾಲಕನನ್ನು ಮುಂದಿಟ್ಟುಕೊಂಡು ರಾಜ್ಯ ಉಳಿಸಲು ಅಂಬರನ ರೀತಿಯಲ್ಲಿಯೇ ಪ್ರಯತ್ನಿಸಿದನು. ಅದು 1636ರಲ್ಲಿ ವಿಫಲವಾಯಿತು.

ಅಂಬರನ ಸಮಾಧಿ ದೌಲತಾಬಾದಿನ ಸಮೀಪದ ಖುಲ್ದಾಬಾದಿನಲ್ಲಿದೆ. ಪತ್ನಿ ಬೀಬಿ ಕರೀಮಾಳ ಸಮಾಧಿಯೂ ಅದೇ ಊರಿನಲ್ಲಿದೆ.