ರಕ್ತದ ಹುಟ್ಟನ್ನು ಅರಸಿದ ವಿಜ್ಞಾನಿ: ಯಲ್ಲಾಪ್ರಗಡ ಸುಬ್ಬರಾವ್

ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ನೀಡುವ ರಕ್ತವರ್ಧಕ ಮಾತ್ರೆಯಲ್ಲಿ ಕಬ್ಬಿಣಾಂಶದೊಂದಿಗೆ ಫೋಲಿಕ್ ಆಮ್ಲವೂ ಇರುತ್ತದೆ. ಆ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಂದಾಳು ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಹೊಸೂರು ಸೇಲಂ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅದೇ ಮದರಾಸು ಪ್ರಾಂತದ ಭೀಮಾವರದಲ್ಲಿ 1895ರ ಜನವರಿ 12ರಂದು ತೆಲುಗು ಕುಟುಂಬವೊಂದರಲ್ಲಿ ಅವರು ಜನಿಸಿದರು.

ಬಾಲ್ಯ ಸುಗಮವಾಗಿರಲಿಲ್ಲ. ಮನೆಯಲ್ಲಿ ಬಡತನ ಕಾಡಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ. ಸನ್ಯಾಸದತ್ತ ಒಲಿದಿದ್ದ ಮನಸ್ಸಿಗೆ ತಾಯಿಯ ಸಮ್ಮತಿ ದೊರೆಯಲಿಲ್ಲ. ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದ ತರುಣ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಶಸ್ತ್ರಚಿಕಿತ್ಸಾ ಉಡುಪನ್ನು ಧರಿಸಿದರು. ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದ ಅವರಿಗೆ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಪದವಿ ಮಾತ್ರ ಲಭಿಸಿತು. ಸರ್ಕಾರಿ ವೈದ್ಯಸೇವೆಯ ಬಾಗಿಲೂ ತೆರೆಯಲಿಲ್ಲ.

ಇದೇ ವರ್ಷಗಳಲ್ಲಿ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ರೋಗ ಅವರ ಸೋದರರನ್ನು ಬಲಿ ತೆಗೆದುಕೊಂಡಿತು. ಈ ರೋಗದಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ದೇಹ ಸೊರಗಿ ರಕ್ತ ಬತ್ತುತ್ತದೆ. ಸ್ವತಃ ಸುಬ್ಬರಾಯರೂ ಅದಕ್ಕೆ ತುತ್ತಾಗಿ, ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಮುಂದೆ ಅವರ ಆಯುರ್ವೇದ ಕಾಲೇಜಿನಲ್ಲಿಯೇ ಅಂಗರಚನಾಶಾಸ್ತ್ರವನ್ನು ಬೋಧಿಸಿದರು.

1922ರ ಅಕ್ಟೋಬರಿನಲ್ಲಿ, ಪತ್ನಿಯನ್ನು ಊರಿನಲ್ಲಿ ಬಿಟ್ಟು, ಅವರು ಅಮೆರಿಕದ ಬಾಸ್ಟನ್ ನಗರವನ್ನು ತಲಪಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪರಿಚಾರಕರಾಗಿ ದುಡಿಯುತ್ತಲೇ ಹಾರ್ವರ್ಡ್‌ನಲ್ಲಿ ವ್ಯಾಸಂಗ ನಡೆಸಿದರು. ಅಲ್ಲಿ ಸೈರಸ್ ಫಿಸ್ಕ್ ಅವರೊಡನೆ ರೂಪಿಸಿದ ರಂಜಕವನ್ನು ಅಳೆಯುವ ವಿಧಾನ 1925ರಲ್ಲಿ ಪ್ರಕಟವಾಯಿತು. ಇಂದಿಗೂ ಅದು ಇಬ್ಬರ ಹೆಸರಿನಲ್ಲಿದೆ. ಜೀವಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ.ಯನ್ನು ಜರ್ಮನಿಯ ಕಾರ್ಲ್ ಲೋಮನ್ ಗುರುತಿಸಿದ ಕಾಲದಲ್ಲಿಯೇ ಈ ಜೋಡಿಯೂ ಗುರುತಿಸಿತು. ಇಷ್ಟಾಗಿಯೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ನೀಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು.

ರಕ್ತದ ಕಥೆ ಮತ್ತೆ ಅವರನ್ನು ಕೂಡಿಕೊಂಡದ್ದು ಇಲ್ಲಿಯೇ. 1931ರ ವೇಳೆಗೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರಲ್ಲಿ ಕಂಡ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಯೀಸ್ಟ್ ಸಾರದಿಂದ ಗುಣಪಡಿಸಿದ್ದರು. ಅದರಲ್ಲಿ ಅಡಗಿದ್ದ ವಸ್ತು ಯಾವುದೆಂಬುದು ಆಗ ತಿಳಿದಿರಲಿಲ್ಲ. ಸೊಪ್ಪಿನಲ್ಲಿಯೂ ದೊರೆಯುವ ಆ ವಸ್ತುವಿಗೆ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ, ಫೋಲಿಕ್ ಆಮ್ಲವೆಂಬ ಹೆಸರು ಬಂದಿತು. 1945ರಲ್ಲಿ ಸುಬ್ಬರಾಯರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕಸಿದ ಸ್ಪ್ರೂ ರೋಗಕ್ಕೂ ಅದು ಮದ್ದಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಜೀವಕೋಶ ಹುಟ್ಟಬೇಕಾದರೆ ವಂಶವಾಹಿ ದ್ರವ್ಯದ ಪ್ರತಿ ಸಿದ್ಧವಾಗಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕು. ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಆ ಬಗೆಯ ವಸ್ತುಗಳನ್ನೇ ಕೊಟ್ಟಾಗ ರೋಗ ಉಲ್ಬಣಿಸಿದಂತೆ ಕಂಡಿತು. ರಕ್ತವನ್ನು ಬೆಳೆಸುವುದೇ ಕೆಟ್ಟ ಕಣಗಳನ್ನೂ ಬೆಳೆಸುವುದಾದರೆ, ಅದನ್ನು ತಡೆಯುವ ವಸ್ತು ರೋಗವನ್ನು ತಡೆಯಬೇಕಲ್ಲವೆ? ಫೋಲಿಕ್ ಆಮ್ಲದ ವೇಷ ತೊಟ್ಟು ಕೋಶವನ್ನು ವಂಚಿಸುವ ಅಮಿನೋಪ್ಟೆರಿನ್ ಸುಬ್ಬರಾಯರ ಪ್ರಯೋಗಾಲಯದಿಂದ ಬಂದಿತು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕ ಉಪಶಮನ ದೊರೆತಿತ್ತು. ಅದೇ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ರಕ್ತಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ಆ ವರದಿ ಹೊರಬಂದ ಸುಮಾರು ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ನಿಧನರಾದರು. ಸ್ವತಂತ್ರ ಭಾರತವನ್ನು ಕಣ್ಣಾರೆ ಕಾಣುವ ಯೋಗ ಅವರಿಗೆ ಒದಗಲಿಲ್ಲ. ಆನೆಕಾಲು ರೋಗದ ಹೆಟ್ರಾಜಾನ್, ಆರಿಯೋಮೈಸಿನ್ ಎಂಬ ಪ್ರತಿಜೀವಕ, ಇವೂ ಅವರ ಮಾರ್ಗದರ್ಶನದಲ್ಲಿ ಹೊಮ್ಮಿದವು. ಆದರೂ ಕೀರ್ತಿಯ ಸಿಂಹಪಾಲು ಬೇರೆಯವರಿಗೆ ಸಂದಿತು. ಭಾರತ ಸರ್ಕಾರ ಅವರ ಅಂಚೆಚೀಟಿ ತಂದದ್ದು ಜನ್ಮಶತಮಾನೋತ್ಸವದ 1995ರಲ್ಲಿ.

ನಮ್ಮ ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. ಒಂದೊಂದರ ಆಯುಷ್ಯ ಸುಮಾರು 120 ದಿನ. ಈ ಹುಟ್ಟುಸಾವುಗಳ ಲೆಕ್ಕವನ್ನು ಹಿಡಿದಿಡುವ ಜೀನುಗಳು, ಪೋಷಕಾಂಶಗಳು, ಸಂಕೇತಗಳು ಪರಸ್ಪರ ಹೆಣೆದುಕೊಂಡಿರುವ ಬಗೆಯನ್ನು ಇಂದು ವ್ಯವಸ್ಥಾ ಜೀವವಿಜ್ಞಾನವೆಂಬ ಶಾಸ್ತ್ರ ಗಣಕಯಂತ್ರದ ನೆರವಿನಿಂದ ಅಭ್ಯಸಿಸುತ್ತಿದೆ. ಜಾಲದ ಒಂದು ಎಳೆಯನ್ನು ಜಗ್ಗಿದರೆ ಇಡೀ ಜಾಲ ಹೇಗೆ ಅಲುಗುವುದೆಂಬುದು ಅದರ ಮೂಲ ಪ್ರಶ್ನೆ. ಒಂದೇ ಎಳೆಯನ್ನು ಬಿಗಿದು ಬಾಣಂತಿಯ ರಕ್ತವನ್ನು ಉಳಿಸಬಹುದು, ಸಡಿಲಿಸಿ ಮಗುವಿನ ಕ್ಯಾನ್ಸರನ್ನು ತಡೆಯಬಹುದು ಎಂಬುದು ಗಣಕಯಂತ್ರಗಳ ಯುಗಕ್ಕೆ ಮೊದಲೇ ಸುಬ್ಬರಾಯರ ಪ್ರಯೋಗಾಲಯದಲ್ಲಿ ಸಿದ್ಧವಾದ ವಸ್ತುಗಳಿಂದ ಲೋಕಕ್ಕೆ ತಿಳಿದುಬಂದಿತ್ತು.