ಮುಳಶಿಯ ಸೇನಾಪತಿ

ಪುಣೆಗೆ ಹೋದವರು ಸೇನಾಪತಿ ಬಾಪಟ್ ರಸ್ತೆಯಲ್ಲಿ ಓಡಾಡಿರ್ತೀರಿ. ಹೆಸರು ಕೇಳಿದರೆ ಯಾರೋ ಪೇಶ್ವೆ ಕಾಲದ ದಂಡನಾಯಕ ಅನ್ಸುತ್ತೆ. ಆದರೆ ಪಾಂಡುರಂಗ ಮಹಾದೇವ ಬಾಪಟ್ ನಮ್ಮ ಹಾಗೇ ಇಂಜಿನಿಯರಿಂಗ್ ಓದೋಕೆ ಹೊರಟವರು.

1880ರ ನವೆಂಬರ್ 12ರಂದು ಅಹಮದ್‌ನಗರ ಜಿಲ್ಲೆಯ ಪಾರ್ನೇರ್‌ನಲ್ಲಿ ಹುಟ್ಟಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಸ್ಕಾಲರ್‌ಶಿಪ್ ಪಡೆದು ಎಡಿನ್‌ಬರೋಗೆ ಹೋದರು. ಬ್ರಿಟಿಷ್ ಆಳ್ವಿಕೆ ವಿರುದ್ಧ ಮಾತಾಡಿದ್ದಕ್ಕೆ ಆ ಸ್ಕಾಲರ್‌ಶಿಪ್ ಹೋಯ್ತು. ಪ್ಯಾರಿಸ್‌ನಲ್ಲಿ ಬಾಂಬ್ ಮಾಡೋದು ಕಲಿತು ವಾಪಸ್ ಬಂದರು. ಆಮೇಲೆ ಕೆಲವು ವರ್ಷ ತಲೆಮರೆಸಿಕೊಂಡು ಓಡಾಟ, ಜೈಲು.

ಅವರಿಗೆ ಸೇನಾಪತಿ ಅನ್ನೋ ಹೆಸರು ಬಂದಿದ್ದು ಮುಳಶಿಯಲ್ಲಿ. ಮುಂಬೈಗೆ ಕರೆಂಟ್ ಕೊಡಲು ಟಾಟಾ ಕಂಪನಿ ಪುಣೆ ಹತ್ತಿರದ ಈ ಕಣಿವೆಯಲ್ಲಿ ಅಣೆಕಟ್ಟು ಶುರು ಮಾಡಿತ್ತು. 1921ರಲ್ಲಿ ರೈತರು ಕೆಲಸದ ಜಾಗದಲ್ಲೇ ಸತ್ಯಾಗ್ರಹ ಕೂತರು. ಬಾಪಟರು ಮುಂದೆ ನಿಂತರು.

ಸರ್ಕಾರದ ಕೈಲಿ 1894ರ ಭೂಸ್ವಾಧೀನ ಕಾಯ್ದೆ ಇತ್ತು. ಮಾರುಕಟ್ಟೆ ಬೆಲೆ, ಅದರ ಮೇಲೆ ಶೇಕಡಾ 15. ಎಷ್ಟು ದುಡ್ಡು, ಯಾರಿಗೆ ದುಡ್ಡು ಅಂತ ಕೋರ್ಟಿಗೆ ಹೋಗಬಹುದಿತ್ತು. ಜಮೀನೇ ಕೊಡಲ್ಲ ಅನ್ನೋಕೆ ದಾರಿ ಇರಲಿಲ್ಲ. ಅಸಲಿ ಜಗಳ ಇಲ್ಲೇ. ಜಮೀನಿನ ಮೇಲೆ ಪುಣೆಯ ಸಾಹುಕಾರರ ಹಿಡಿತ ಇತ್ತು. ಅವರಿಗೆ ಪರಿಹಾರ ಸಿಕ್ಕರೆ ಸಾಕಾಗಿತ್ತು. ಗದ್ದೆಗಿಳಿದು ಭತ್ತ ಬೆಳೀತಿದ್ದ ಗೇಣಿದಾರರಿಗೆ ದುಡ್ಡಿಗಿಂತ ನೆಲ ಮುಖ್ಯ. ಒಂದೇ ಹೊಲ, ಲೆಕ್ಕ ಎರಡು. ಹೀಗೆ ಚಳವಳಿ ಒಳಗಿಂದಲೇ ಸೀಳಿತು.

ಬಾಪಟರು ಬಿಡಲಿಲ್ಲ, ಮತ್ತೆ ಮತ್ತೆ ಜೈಲಿಗೆ ಹೋದರು. ಕೊನೆಗೆ 1924ರಲ್ಲಿ ಅಣೆಕಟ್ಟಿನ ಕೆಲಸಗಾರರ ರೈಲನ್ನು ಆಯುಧ ಹಿಡಿದು ತಡೆದರು. ಸತ್ಯಾಗ್ರಹ ಅಂದವರು ಆಯುಧ ಹಿಡಿದಿದ್ದು ಸರಿಯಾ? ನನಗೆ ಅದು ಸರಿ ಅನ್ಸಲ್ಲ. ಆದರೆ ಅಷ್ಟೊತ್ತಿಗೆ ಅವರ ಮಾತು ಕೇಳೋರು ಯಾರೂ ಉಳಿದಿರಲಿಲ್ಲ. ಏಳು ವರ್ಷ ಶಿಕ್ಷೆಯಾಯ್ತು. ಅವರು ಒಳಗಿದ್ದಾಗಲೇ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು.

1931ರಲ್ಲಿ ಹೊರಬಂದ ಮೇಲೂ ಅವರು ಸುಮ್ಮನೆ ಕೂರಲಿಲ್ಲ, ಗೋವಾ ವಿಮೋಚನೆವರೆಗೂ ಬೀದಿಗಿಳಿದರು. 1967ರ ನವೆಂಬರ್ 28ರಂದು ತೀರಿಕೊಂಡರು.

2013ರ ಹೊಸ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಜಮೀನು ಬೇಕಾದರೆ ಜಮೀನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇಕಡಾ 80ರ ಒಪ್ಪಿಗೆ ಕೇಳುತ್ತೆ. ಗೇಣಿದಾರರು, ಕೃಷಿ ಕೂಲಿಗಳನ್ನೂ ಬಾಧಿತರು ಅಂತ ಎಣಿಸುತ್ತೆ. ಮುಳಶಿಯ ಗೇಣಿದಾರರನ್ನು ಲೆಕ್ಕಕ್ಕೆ ತಗೊಳ್ಳೋಕೆ ಕಾನೂನಿಗೆ 90 ವರ್ಷ ಹಿಡಿಯಿತು.